ನಾಲ್ಕು ಸೆಮಿಸ್ಟರ್ ಊರಿಗೆ ಬಂದದ್ದು

ಅದೊಂದು ಸಾಮಾನ್ಯ ಬುಧವಾರ. ಹೆಂಡತಿ ಎಂದಿನಂತೆ ಬುತ್ತಿ ಕಟ್ಟಿಕೊಟ್ಟಳು: ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಸಾಲೆಗೆ ಹೋಗಿ ಎಂಟನೆಯ ತರಗತಿಗೆ ತ್ರಿಭುಜದ ಪಾಠ ಮಾಡಿದೆ. ಮಧ್ಯಾಹ್ನ ಶಿಕ್ಷಕರ ಕೋಣೆಯಲ್ಲಿ ಬುತ್ತಿ ಬಿಚ್ಚಿದೆ. ಪಲ್ಲೆ ಛಲೋ ಆಗಿದೆ ಎಂದು ಪಕ್ಕದವರು ಕೇಳಿ ಹಾಕಿಸಿಕೊಂಡರು. ನಾನು ಉಣ್ಣುತ್ತಿದ್ದ ಹೊತ್ತಿಗೆ ಮನೆಯಲ್ಲಿ ಅವಳು ತೀರಿಕೊಂಡಾಗಿತ್ತು. ಅದು ನನಗೆ ಗೊತ್ತಾದದ್ದು ಡಬ್ಬಿ ತೊಳೆದಿಟ್ಟ ಮೇಲೆ.

ನಮಗೆ ಒಬ್ಬಳೇ ಮಗಳು. ಕರಾವಳಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ನಾಲ್ಕನೆಯ ಸೆಮಿಸ್ಟರ್ ಪರೀಕ್ಷೆ ಬರೆದು ನಮ್ಮೂರು ಕುಷ್ಟಗಿಗೆ ಬಂದವಳು, ಚೀಲ ಇಳಿಸುವ ಮೊದಲೇ ಹೇಳಿದಳು.

"ಅಪ್ಪಾ, ಉಳಿದದ್ದು ಕೊಪ್ಪಳದಾಗ ಓದತೀನಿ. ಮನಿಯಿಂದ ಬಸ್ಸಿಗೆ ಹೋಗಿ ಬರತೀನಿ."

"ನನ್ನ ಸಲುವಾಗಿ ಏನೂ ಬ್ಯಾಡವ್ವಾ. ನಾ ಆರಾಮ ಅದೀನಿ."

"ನಿನ್ನ ಸಲುವಾಗಿ ಅಂತ ಯಾರ ಅಂದ್ರು? ಅಲ್ಲಿ ನನಗ ಊಟ ಸೇರವಲ್ದು."

ಎರಡು ವರ್ಷ ಸೇರಿದ ಊಟ ಈಗೇಕೆ ಸೇರುತ್ತಿಲ್ಲ ಎಂದು ನಾನು ಕೇಳಲಿಲ್ಲ.

ಕೊಪ್ಪಳದ ಕಾಲೇಜಿನ ಗುಮಾಸ್ತರು ವಿಷಯ ಬಿಡಿಸಿ ಹೇಳಿದರು. ಪಾಸಾದ ಒಂದೊಂದು ವಿಷಯಕ್ಕೂ ಇಷ್ಟು ಕ್ರೆಡಿಟ್ ಎಂದು ಇರುತ್ತದೆ. ಹೊಸ ನಿಯಮದ ಪ್ರಕಾರ ಅವನ್ನು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಒಯ್ಯಬಹುದು. ಆದರೆ ಅಲ್ಲಿ ಓದಿದ ಪ್ರತಿಯೊಂದು ವಿಷಯಕ್ಕೂ ಇಲ್ಲಿ ಅದನ್ನು ಹೋಲುವ ವಿಷಯ ಇರಬೇಕು. "ಒಂದ ಕಡಿಮಿ ಬಿದ್ರೂ ಐದನೇ ಸೆಮಿಸ್ಟರ್ ಸಿಗಂಗಿಲ್ರಿ ಮಾಸ್ತರ. ಹಿಂದಿನ ವರ್ಷದಾಗ ಕೂಡಬೇಕು. ಭಾಳ ಬಿದ್ರ ಮೊದಲಿಂದ."

ಮಗಳ ಎರಡು ವರ್ಷ ಉಳಿಯುತ್ತದೆಯೋ ಹೋಗುತ್ತದೆಯೋ ಎಂದು ಆ ಎರಡು ಮೂರು ತಿಂಗಳು ಓಡಾಡಿದೆವು. ಕಚೇರಿಗಳಿಗೆ ತಿರುಗುವವರಿಗೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನಮಗೆ ಆದವುಗಳನ್ನು ಬರೆದಿಡುತ್ತಿದ್ದೇನೆ, ಏಕೆಂದರೆ ನಮ್ಮ ಮನೆಯಲ್ಲಿ ನಗು ಮತ್ತೆ ಶುರುವಾದದ್ದು ಇವುಗಳಿಂದ.

ಊಟದ ಕಾರಣ

ಹಳೆಯ ಕಾಲೇಜು ಬಿಡಲು ಮೊದಲು ಹಾಸ್ಟೆಲ್ಲಿನ ಒಪ್ಪಿಗೆ ಬೇಕಿತ್ತು. ಅರ್ಜಿಯಲ್ಲಿ ಕಾರಣ ಎಂಬಲ್ಲಿ ಮಗಳು "ಊಟ ಸೇರುವುದಿಲ್ಲ" ಎಂದೇ ಬರೆದು, ಅರ್ಜಿ ಕೊಡಲು ತಾನೇ ಹೋದಳು. ವಾರ್ಡನ್ ಆ ಕಡೆಯ ಹೆಂಗಸು. ತಮ್ಮ ಅಡುಗೆಮನೆಯ ಮೇಲೆ ಇಂಥ ಮಾತು ಅವರು ಎಂದೂ ಕೇಳಿದವರಲ್ಲ. ಸಹಿ ಹಾಕಲಿಲ್ಲ. ನನಗೇ ಫೋನ್ ಮಾಡಿದರು.

"ಸರ್, ನಿಮ್ಮ ಮಗಳಿಗೆ ಎಂತ ಬೇಕು ಹೇಳಿ. ಜೋಳದ ರೊಟ್ಟಿಯಾ? ಅದೆಂತ ದೊಡ್ಡದು ಮಾರಾಯ್ರೇ, ನಾವು ಮಾಡಿಸ್ತೇವೆ. ಅದಕ್ಕೆಲ್ಲ ಕಾಲೇಜು ಬಿಡುವುದುಂಟಾ?"

ನಾನು ಬೇಡ ಎನ್ನುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಎಲ್ಲಿಂದಲೋ ಜೋಳದ ಹಿಟ್ಟು ತರಿಸಿದರು. ಅಡುಗೆಯವನು ಅದನ್ನು ತಣ್ಣೀರಲ್ಲಿ ಕಲಸಿ, ಚಪಾತಿಯಂತೆ ಲಟ್ಟಣಿಗೆಯಲ್ಲಿ ಲಟ್ಟಿಸಲು ನೋಡಿದ. ಬಿರಿಯಿತು. ಇನ್ನಷ್ಟು ನೀರು ಹಾಕಿದ. ಹರಿಯಿತು. ಕೊನೆಗೆ ಬಾಳೆಲೆಗೆ ಬಳಿದು ಹಬೆಯಲ್ಲಿ ಬೇಯಿಸಿದ. ಮಗಳು ಅದರ ಫೋಟೋ ಕಳಿಸಿ, "ಅಪ್ಪಾ, ನೀ ಗಣಿತದ ಮಾಸ್ತರ ಅದಿ. ಇದು ಯಾವ ಆಕಾರ ಹೇಳು" ಎಂದು ಕೇಳಿದಳು. ಬಹಳ ಹೊತ್ತು ನೋಡಿ, "ಪಠ್ಯದಾಗ ಇಲ್ಲ" ಎಂದು ಉತ್ತರಿಸಿದೆ.

ಪಾಪ, ಇಡೀ ಹಾಸ್ಟೆಲ್ಲಿಗೆ ಅದೇ ಊಟ. ಉಳಿದ ಹುಡುಗಿಯರು ಮಗಳನ್ನು ಮಾತನಾಡಿಸುವುದು ಬಿಟ್ಟರು. ಮಾರನೆಯ ವಾರ ನಾನೇ ಬಸ್ಸು ಹತ್ತಿ ಹೋಗಿ ವಾರ್ಡನ್ ಎದುರು ಕುಳಿತು ನಿಜ ಹೇಳಿದೆ. ಅವಳ ತಾಯಿ ತೀರಿಕೊಂಡಿದ್ದಾಳೆ, ಊಟದ ತಕರಾರು ಏನೂ ಇಲ್ಲ.

ಅವರು ಅರ್ಜಿ ಎಳೆದುಕೊಂಡು ಸಹಿ ಹಾಕಿದರು. ಕಣ್ಣು ಒರೆಸಿಕೊಂಡರು. ಆಮೇಲೆ ದನಿ ಏರಿಸಿದರು.

"ಅದನ್ನು ಮೊದಲೇ ಹೇಳುವುದಲ್ವಾ ಸರ್? ಉಳಿದ ಹಿಟ್ಟನ್ನು ನಾನೆಂತ ಮಾಡ್ಲಿ? ಇಲ್ಲಿ ಯಾರೂ ಮುಟ್ಟುವುದಿಲ್ಲ. ನೀವೇ ತಕ್ಕೊಂಡು ಹೋಗಿ."

ಕಡಲ ದಂಡೆಯಿಂದ ಕುಷ್ಟಗಿಗೆ ಜೋಳದ ಹಿಟ್ಟು ಹೊತ್ತು ತಂದವರು ನಾವಿಬ್ಬರೇ ಇರಬೇಕು.

ಹಿರಿಯರು ಬಂದದ್ದು

ನನ್ನ ಹೆಂಡತಿಯ ತಮ್ಮನಿಗೆ ಯಲಬುರ್ಗಾದಲ್ಲಿ ಬೀಜ ಗೊಬ್ಬರದ ಅಂಗಡಿ ಇದೆ, ಊರು ತಳಕಲ್. ಮಾತಿನವನು. ಅಕ್ಕ ಹೋದ ಮೇಲೆ ವಾರಕ್ಕೊಮ್ಮೆ ಬಂದು, ನಾನು ಆಡದ ಮಾತನ್ನೂ ಸೇರಿಸಿ ಆಡಿ ಹೋಗುತ್ತಾನೆ. ಕ್ರೆಡಿಟ್ಟಿನ ಸಂಗತಿ ಕೇಳಿ ಅವನು ಹುಬ್ಬೇರಿಸಿದ.

"ಮಾಸ್ತರ, ನೀವು ಒಬ್ರ ಹೋಗಿ ಆಫೀಸಿನ ಕಿಡಕ್ಯಾಗ ನಿಂತ್ರ ಯಾರ ಕೇಳತಾರ? ಇಂಥಾ ಕೆಲಸಕ್ಕ ಹಿರೇರ ಬೇಕು."

"ಇದು ಕಾಲೇಜಪಾ. ಮದುವಿ ಮಾತುಕತಿ ಅಲ್ಲ."

"ಅಲ್ಲಿ ಬಿಟ್ಟು ಇಲ್ಲಿ ಕೂಡಾಕತ್ತಾಳ. ಮಾತುಕತಿ ಅಲ್ಲಂದ್ರ ಮತ್ತೇನು?"

ಸೋಮವಾರ ಕೊಪ್ಪಳದ ಕಾಲೇಜಿನ ಎದುರು ಒಂದು ಕ್ರೂಸರ್ ಗಾಡಿ ನಿಂತಿತು. ತಲೆಗೆ ಪಟಗಾ ಸುತ್ತಿದ ನಾಲ್ವರು ಹಿರಿಯರು ಇಳಿದರು. ಅವರ ಹಿಂದೆ ಮೈದುನ, ಅವನ ಹಿಂದೆ ತಲೆ ತಗ್ಗಿಸಿಕೊಂಡ ನಾನು, ನನ್ನ ಹಿಂದೆ ಇನ್ನೂ ತಗ್ಗಿಸಿಕೊಂಡ ಮಗಳು. ನೇರ ಪ್ರಾಂಶುಪಾಲರ ಕೋಣೆಗೆ ಹೋಗಿ ಗೋಡೆಗುಂಟ ಕುಳಿತೆವು.

ಪ್ರಾಂಶುಪಾಲರು ಹಿರಿಯರನ್ನು ನೋಡಿದರು. ಮಾತಿಲ್ಲದ ತಂದೆಯನ್ನು ನೋಡಿದರು. ನೆಲ ನೋಡುತ್ತಿದ್ದ ಹುಡುಗಿಯನ್ನು ನೋಡಿದರು. ಮುಖ ಬೆವರಿತು. ಬಾಗಿಲು ಹಾಕಿಸಿದರು, ಚಹಾ ಹೇಳಿದರು, ಇಬ್ಬರು ಅಧ್ಯಾಪಕರನ್ನು ಕರೆಸಿಕೊಂಡು ಮೆಲ್ಲಗೆ ಕೇಳಿದರು.

"ಹಿರೇರು ಸಿಟ್ಟಿಗೇಳಬ್ಯಾಡ್ರಿ. ಕೂತು ಬಗೀಹರಿಸೋಣ. ಹುಡುಗ ಯಾರು ಅಷ್ಟ ಹೇಳ್ರಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರಿಗಿಂತ ದೊಡ್ಡವರು, ಕುರಿ ಹಿಂಡಿನ ಯಜಮಾನರು, ಗಂಟಲು ಸರಿಮಾಡಿಕೊಂಡರು.

"ಹುಡುಗ ಯಾವನೂ ಇಲ್ರಿ ಸಾಹೇಬ್ರ. ಹುಡುಗಿದು ಎರಡ ವರ್ಷದ ಓದು ಐತ್ರಿ. ಅದನ್ನ ನೀವು ನಿಮ್ಮ ಮನಿಗೆ ತುಂಬಿಸ್ಕೋಬೇಕು."

"ಹುಡುಗ ಇಲ್ಲಾ?"

"ಇಲ್ರಿ."

"ಓಡಿ ಹೋಗಿದ್ದು, ಹೊಡದಾಡಿದ್ದು, ಏನೂ ಇಲ್ಲಾ?"

"ಏನೂ ಇಲ್ರಿ. ಬರೇ ಓದು."

ಪ್ರಾಂಶುಪಾಲರು ಕುರ್ಚಿಗೆ ಒರಗಿ ಬಿಟ್ಟ ಉಸಿರು ಇವತ್ತಿಗೂ ನನಗೆ ನೆನಪಿದೆ. ಆ ಸಮಾಧಾನದಲ್ಲಿಯೇ, ವಿಷಯಗಳನ್ನು ಹೋಲಿಸಿ ನೋಡುವ ಸಮಿತಿಯವರು ಒಪ್ಪಿದರೆ ಸೀಟು ಕೊಡುವುದಾಗಿ ಅಲ್ಲೇ ಬರೆದುಕೊಟ್ಟರು. ಬೇರೆಯವರು ಇದಕ್ಕೆ ತಿಂಗಳುಗಟ್ಟಲೆ ತಿರುಗುತ್ತಾರಂತೆ.

ಏಳುವಾಗ ದೊಡ್ಡ ಹಿರಿಯರು ಮದುವೆ ಮಾತುಕತೆಯ ರೂಢಿಯಂತೆ ಕೈ ಮುಗಿದು, "ಇನ್ನ ನೀವೂ ಒಂದಿನ ನಮ್ಮ ಮನಿ ಮಾರು ನೋಡಾಕ ಬರ್ರಿ" ಎಂದರು. ಪ್ರಾಂಶುಪಾಲರೂ ರೂಢಿಯಂತೆ, "ಬರತೀವ್ರಿ, ಹೆಣ್ಮಕ್ಕಳನ್ನೂ ಕರಕೊಂಡ ಬರತೀವಿ" ಅಂದುಬಿಟ್ಟರು.

ಅನುಭವಸ್ಥ

ಕ್ರೆಡಿಟ್ ವರ್ಗಾವಣೆಯ ವಿಷಯ ಪೂರ್ತಿ ಬಲ್ಲ ಒಬ್ಬ ಗಂಗಾವತಿಯಲ್ಲಿದ್ದಾನೆ ಎಂದು ಯಾರೋ ಹೇಳಿದರು. ಭಾನುವಾರ ಹೋದೆವು. ಅಕ್ಕಿ ವ್ಯಾಪಾರಿಯ ಮಗ. ಬಹಳ ಮರ್ಯಾದೆಯಿಂದ ಕೂರಿಸಿ, ಯಾವ ಕಚೇರಿಗೆ ಯಾವಾಗ ಹೋಗಬೇಕು, ಪಠ್ಯಕ್ರಮದ ಪ್ರತಿಗೆ ಯಾರ ಮುದ್ರೆ ಬೇಕು, ಯಾವ ವಿಷಯ ಯಾವುದಕ್ಕೆ ಹೊಂದುತ್ತದೆ ಎಂದು ಒಂದೂ ಬಿಡದೆ ಹೇಳಿದ. ನಾನು ಮೆಚ್ಚಿಕೊಂಡು ಕೇಳಿದೆ.

"ಇಷ್ಟೆಲ್ಲ ಹೆಂಗ ತಿಳಕೊಂಡ್ಯಪಾ?"

"ನಾನು ನಾಕ ಕಾಲೇಜ ಬದಲಿ ಮಾಡೀನಿ ಸರ್. ಪ್ರತೀಸಲ ಒಂದೂ ಕ್ರೆಡಿಟ್ ಕಳಕೊಂಡಿಲ್ಲ."

"ಈಗ ಡಿಗ್ರಿ ಮುಗೀತೇನು?"

ಅವನು ಹರಡಿದ್ದ ಕಾಗದ ಜೋಡಿಸತೊಡಗಿದ. ಒಳಗಿನಿಂದ ತಂದೆ ಚಹಾ ತಂದಿಡುತ್ತ ಅಂದರು: "ಇವನ ಕ್ರೆಡಿಟ್ಟು ಎಲ್ಲಾ ಊರು ನೋಡಿ ಬಂದಾವ್ರಿ ಮಾಸ್ತರ. ಇವನೊಬ್ಬ ಎಲ್ಲೂ ದಾಟಿಲ್ಲ."

ಹೊರಗೆ ಬಂದ ಮೇಲೆ ಮಗಳು ಮುಖ ಚಿಕ್ಕದು ಮಾಡಿ, "ಅಪ್ಪಾ, ನಾನೂ ಹಂಗ ಆದ್ರ?" ಎಂದಳು. ಆಗುವುದಿಲ್ಲ ಎಂದೆ. ನನಗೂ ಖಾತ್ರಿ ಇರಲಿಲ್ಲ.

ಹೆಪ್ಪು

ಪಕ್ಕದ ಮನೆಯಲ್ಲಿ ಎಮ್ಮೆ ಸಾಕಿದ ಅಜ್ಜಿ ಇದ್ದಾರೆ. ಹೆಂಡತಿ ಹೋದ ಮೇಲೂ ಬೆಳಿಗ್ಗೆ ಹಾಲು ತಪ್ಪಿಸಿಲ್ಲ. ಒಂದು ದಿನ ಹಾಲು ಸುರಿದು, ಹೋಗದೆ ನಿಂತರು.

"ಮಾಸ್ತರ, ನಿಮ್ಮ ಮಗಳು ಇಂಗ್ಲೀಷನ್ಯಾಗ ಭಾಳ ನಂಬರ ತಗದಾಳಂತ ಹೌದೇನ್ರಿ?"

"ಹೌದವ್ವಾ."

"ನನ್ನ ಸೊಸಿದು ಹತ್ತನೇ ಕ್ಲಾಸಿನ್ಯಾಗ ಇಂಗ್ಲೀಷ ಒಂದ ಫೇಲಾಗಿ ಕುಂತೈತ್ರಿ. ಇಲ್ಲಿಂದ ಅಲ್ಲಿಗೆ ಒಯ್ಯಾಕ ಬರತೈತಿ ಅಂತ ಓಣಿ ತುಂಬ ಮಾತು. ನಿಮ್ಮ ಹುಡುಗಿದು ಹೆಚ್ಚಾದದ್ದು ಒಂಚೂರು ನಮ್ಮಾಕಿಗೆ ಹಾಕಿಸಿಬಿಡ್ರಿ. ಹೆಪ್ಪಿಗೆ ಮಜ್ಜಿಗಿ ಕೊಡಂಗಿಲ್ಲೇನು, ಹಂಗ."

ಹಾಗೆ ಬರುವುದಿಲ್ಲ, ಒಬ್ಬರ ಕ್ರೆಡಿಟ್ ಅವರದೇ, ಊರು ಬದಲಾಗಬಹುದು, ಆಳು ಬದಲಾಗುವಂತಿಲ್ಲ ಎಂದು ನಾನು ನಿಧಾನವಾಗಿ, ಉದಾಹರಣೆ ಸಮೇತ ತಿಳಿಸಿದೆ. ಅವರು ಎಲ್ಲ ಕೇಳಿ, ಖಾಲಿ ಚೊಂಬು ಎತ್ತಿಕೊಂಡರು.

"ಇರ್ಲಿ ಬಿಡ್ರಿ. ಕೊಡೋ ಮನಸ್ಸಿಲ್ಲಂದ್ರ ಇಲ್ಲಂತ ಅಂದುಬಿಡಬೇಕು. ಇಷ್ಟ ಪಾಠ ಯಾಕ ಮಾಡಬೇಕು?"

ಅದೇ ವಾರ ಸಾಲೆಯಲ್ಲಿ ಹನುಮಸಾಗರದಿಂದ ಹೊಸದಾಗಿ ಬಂದು ಸೇರಿದ ಹುಡುಗಿ ಮನೆಗೆಲಸ ಮಾಡಿರಲಿಲ್ಲ. ಯಾಕೆ ಎಂದು ಗದರಿಸಿದೆ. ಅವಳು ಧೈರ್ಯವಾಗಿ ಎದ್ದು ನಿಂತಳು. "ಸರ್, ಇದ ಲೆಕ್ಕಕ್ಕ ನಾನು ಹನಮಸಾಗರದಾಗ ಬೈಸ್ಕೊಂಡ ಬಂದೀನ್ರಿ. ಅದು ಇಲ್ಲಿ ಹಿಡಿಯಂಗಿಲ್ಲೇನ್ರಿ?"

ಮೀನು

ಸಮಿತಿ ಕೂಡಿದ ದಿನ ನಾನು, ಮಗಳು, ಮೈದುನ ಹೋದೆವು. ಮೈದುನ ಆವತ್ತು ಬೆಳಿಗ್ಗೆಯೇ ಹೇಮಗುಡ್ಡಕ್ಕೆ ಹೋಗಿ ದುರ್ಗಮ್ಮನಿಗೆ ಕಾಯಿ ಒಡೆಸಿ, ಕುಂಕುಮ ತಂದಿದ್ದ. ಒಳಗೆ ಮೂವರು: ಅಧ್ಯಕ್ಷರು, ಗಂಗಾವತಿಯ ಪ್ರಾಣಿಶಾಸ್ತ್ರದ ಮೇಡಂ, ಮತ್ತು ಕನ್ನಡಕದ ಒಬ್ಬ ಸದಸ್ಯರು. ಈ ಕನ್ನಡಕದವರು ಯಾವುದನ್ನೂ ಸುಲಭವಾಗಿ ಬಿಡುವವರಲ್ಲ ಎಂದು ಗುಮಾಸ್ತರು ಮೊದಲೇ ಹೇಳಿದ್ದರು.

ರಸಾಯನಶಾಸ್ತ್ರ ಕೂಡಿತು. ಸಸ್ಯಶಾಸ್ತ್ರ ಕೂಡಿತು. ಕನ್ನಡ, ಇಂಗ್ಲಿಷ್, ಯೋಗ, ಎಲ್ಲ ಕೂಡಿದವು. ನನ್ನ ಎದೆ ಹಗುರವಾಗುತ್ತಿತ್ತು. ಆಗ ಕನ್ನಡಕದವರು ಕಾಗದ ಹತ್ತಿರ ಹಿಡಿದು ನಿಂತುಬಿಟ್ಟರು.

"ಇದೇನಿದು? ಐಚ್ಛಿಕ ವಿಷಯ. ಮೀನು ಸಾಕಣಿ."

ಮೈದುನ ಕುರ್ಚಿಯಲ್ಲಿ ನೆಟ್ಟಗಾದ. ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಅವನು ನನ್ನ ಕಡೆ ನೋಡಿದ, ನಾನು ಮಗಳ ಕಡೆ ನೋಡಿದೆ, ಮಗಳು ಫ್ಯಾನಿನ ಕಡೆ ನೋಡಿದಳು.

"ಈ ವಿಷಯ ನಮ್ಮಲ್ಲಿಲ್ಲ," ಎಂದರು ಕನ್ನಡಕದವರು. "ಹೋಲಿಕಿ ಇಲ್ಲಂದ್ರ ಕ್ರೆಡಿಟ್ ಇಲ್ಲ. ಕ್ರೆಡಿಟ್ ಇಲ್ಲಂದ್ರ ಹುಡುಗಿ ಹಿಂದಿನ ವರ್ಷಕ್ಕ."

ಮೇಡಂ ನಮ್ಮ ಕಡೆಯ ಐಚ್ಛಿಕ ವಿಷಯಗಳ ಪುಟ ತಿರುವಿದರು. "ಕುರಿ ಸಾಕಣಿ ಐತಲ್ರಿ ಸರ್. ಅದಕ್ಕ ಹೋಲಿಸೋಣ."

"ಮೀನು ಎಲ್ಲಿ, ಕುರಿ ಎಲ್ಲಿ ಮೇಡಂ? ಅದಕ್ಕ ಕಾಲೇ ಇಲ್ಲ."

"ಕಾಲಿಂದೇನು ಪರೀಕ್ಷಾ ಇಟ್ಟಿಲ್ರಿ. ಅಧ್ಯಾಯ ನೋಡ್ರಿ." ಅವರು ಎರಡೂ ಪಠ್ಯಕ್ರಮವನ್ನು ಪಕ್ಕಪಕ್ಕ ಇಟ್ಟು ಓದಿದರು. ತಳಿ ಆಯ್ಕೆ, ಅಲ್ಲೂ ಇದೆ, ಇಲ್ಲೂ ಇದೆ. ಮೇವು. ರೋಗ ಮತ್ತು ಔಷಧ. ಮಾರುಕಟ್ಟೆ. ಕೊನೆಯ ಅಧ್ಯಾಯ ಮಾತ್ರ ಬೇರೆ. ಅಲ್ಲಿ ನೀರು ಬದಲಿಸುವುದು, ಇಲ್ಲಿ ಉಣ್ಣೆ ಕತ್ತರಿಸುವುದು.

ಅವರು ಓದುತ್ತಿದ್ದಾಗ ಇತ್ತ ಮೈದುನ ಹಲ್ಲು ಕಚ್ಚಿಕೊಂಡು ಪಿಸುಗುಟ್ಟುತ್ತಿದ್ದ. ಅವನ ಪಿಸುಮಾತು ಅಂಗಡಿಯ ಗಿರಾಕಿಗೆ ಕೇಳುವಷ್ಟು ಇರುತ್ತದೆ.

"ಖರೇ ಹೇಳು. ತಿಂದಿಯೇನು?"

"ಇಲ್ಲ ಮಾಮಾ. ಸಾಕೀನಿ ಅಷ್ಟ. ಗಾಜಿನ ತೊಟ್ಟ್ಯಾಗ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿದ್ರು."

"ಸಾಕಿ ಏನ ಮಾಡಿದಿ?"

"ಹೆಸರಿಟ್ಟೆ."

"ಏನಂತ?"

ಮಗಳು ಮತ್ತೆ ಫ್ಯಾನಿನ ಕಡೆ ನೋಡಿದಳು.

"ಹೇಳಲೇ, ಏನಂತ?"

"ನಿಂದ ಹೆಸರು ಮಾಮಾ. ಯಾವಾಗ ನೋಡಿದ್ರೂ ಬಾಯಿ ಆಡಸ್ತಿತ್ತು."

ಕೋಣೆಯಲ್ಲಿ ಓದು ನಿಂತಿತ್ತು. ಮೊದಲು ನಕ್ಕವರು ಮೇಡಂ, ಆಮೇಲೆ ಅಧ್ಯಕ್ಷರು. ಕನ್ನಡಕದವರು ಕನ್ನಡಕ ತೆಗೆದು ಒರೆಸತೊಡಗಿದರು, ಭುಜ ಅಲುಗುತ್ತಿತ್ತು. ಮೈದುನ ಬಾಯಿ ತೆರೆದ, ಏನೂ ಹೊರಡಲಿಲ್ಲ, ಮುಚ್ಚಿದ, ಮತ್ತೆ ತೆರೆದ.

"ಹೋಲಿಕಿ ಐತಿ ಬಿಡ್ರಿ," ಎಂದರು ಕನ್ನಡಕದವರು.

ಆದರೂ ಅವರು ಅವರೇ. ಒಂದು ಷರತ್ತು ಹಾಕಿದರು. ಬಿಟ್ಟುಹೋದ ಆ ಒಂದು ಅಧ್ಯಾಯವನ್ನು, ಎಂದರೆ ಉಣ್ಣೆ ಕತ್ತರಿಸುವುದನ್ನು, ಪ್ರವೇಶ ಮುಗಿಯುವ ಮೊದಲು ಹುಡುಗಿ ಕೈಯಾರೆ ಮಾಡಿ ತೋರಿಸಬೇಕು. ಮೇಡಂ ಹೋಗಿ ನೋಡಿ ಬರೆಯಬೇಕು. ಅವರು ತೃಪ್ತಿಕರ ಎಂದರೆ ಐದನೆಯ ಸೆಮಿಸ್ಟರ್. ಇಲ್ಲದಿದ್ದರೆ ಇಲ್ಲ.

ಉಣ್ಣೆ

ಕುರಿ ಬೇಕಲ್ಲ. ಹಿಂದೆ ಕ್ರೂಸರಿನಲ್ಲಿ ಬಂದಿದ್ದ ದೊಡ್ಡ ಹಿರಿಯರು ತಳಕಲ್ಲಿನ ತಮ್ಮ ಹಟ್ಟಿಗೇ ಕರೆದರು. ಹೋದಾಗ ಅರ್ಧ ಊರು ಬೇಲಿಗೆ ಆತುಕೊಂಡು ನಿಂತಿತ್ತು. ಮೇಡಂಗೆ ಕೂರಲು ಹಗ್ಗದ ಹೊರಸು ಹಾಕಿ ಮೇಲೆ ಹೊಸ ಕಂಬಳಿ ಹಾಸಿದ್ದರು. ಮೈದುನ ಮೀನಿನ ಸಿಟ್ಟು ಮರೆತು, ಬಂದವರಿಗೆಲ್ಲ "ಇವತ್ತ ನಮ್ಮ ಹುಡುಗಿದು ಪರೀಕ್ಷಾ" ಎಂದು ಹೇಳಿಕೊಂಡು ತಿರುಗುತ್ತಿದ್ದ.

ಬಹಳ ಸಾಧು ಎಂದು ಹೆಸರಾದ ಒಂದು ಕರಿ ಕುರಿಯನ್ನು ಆರಿಸಿ ಕಾಲು ಕಟ್ಟಿ ಮಲಗಿಸಿದ್ದರು. ಹಿರಿಯರು ಕತ್ತರಿ ಹಿಡಿಯುವ ಬಗೆ ತೋರಿಸಿದರು. ಮಗಳು ಸೆರಗಿನಂತೆ ವೇಲು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಳು. ಆಮೇಲೆ ಕುತ್ತಿಗೆಯಿಂದ ಬಾಲದವರೆಗೆ ಒಂದು ಮಗ್ಗುಲನ್ನು ಎಷ್ಟು ನೀಟಾಗಿ ಕತ್ತರಿಸಿದಳೆಂದರೆ ಬೇಲಿಯ ಹೆಂಗಸರು "ಯವ್ವಾ, ಛಲೋ ಮಾಡ್ತಾಳಲ್ಲ!" ಎಂದರು. ಮೇಡಂ ಪೆನ್ನು ತೆಗೆದರು.

"ಇನ್ನ ಹೊಳ್ಳಿಸಬೇಕು," ಎಂದರು ಹಿರಿಯರು.

ಇನ್ನೊಂದು ಮಗ್ಗುಲಿಗೆ ಹೊರಳಿಸಲು ಕಾಲಿನ ಹಗ್ಗ ಬಿಗಿಯಾಗಿ ಕಂಡಿತು ಮಗಳಿಗೆ. ಕುರಿಗೆ ನೋಯುತ್ತದೆ ಎಂದು ಸಡಿಲ ಮಾಡಿದಳು. ಸಾಧು ಕುರಿ ಕಾಲು ಒದರಿ ಎದ್ದಿತು. ಎದುರಿಗೆ ನಿಂತಿದ್ದ ಮೈದುನನ ಎರಡು ಕಾಲುಗಳ ನಡುವೆ ನುಗ್ಗಿತು. ಅವನು ಹಿಂದುಮುಂದಾಗಿ ಅದರ ಮೇಲೆ ಕೂತು, ಬಾಲ ಹಿಡಿದುಕೊಂಡು, ಬೇಲಿಯವರೆಗೆ ಸವಾರಿ ಹೋಗಿ, ಅಲ್ಲಿ ಹಿಕ್ಕೆಯ ಗುಡ್ಡೆಯಲ್ಲಿ ಇಳಿದ. ಕುರಿ ಬೇಲಿ ಹಾರಿ, ರಸ್ತೆಯಲ್ಲಿ ಹೋಗುತ್ತಿದ್ದ ಬೇರೆಯವರ ಹಿಂಡಿನೊಳಗೆ ಸೇರಿಕೊಂಡಿತು.

ಆ ಹಿಂಡಿನವನು ಬಲಗಡೆ ನಡೆಯುತ್ತಿದ್ದ. ಅವನಿಗೆ ಉಣ್ಣೆ ಇದ್ದ ಮಗ್ಗುಲು ಕಂಡಿತು. "ನಿಮ್ಮದು ಬೋಳ ಕುರಿ ಅಂತೀರಿ, ಇದರಾಗ ಬೋಳಂದು ಯಾವದೂ ಇಲ್ಲಪಾ" ಎಂದು ವಾದಿಸಿದ. ನಾವು ಎಡಗಡೆ ನಿಂತಿದ್ದೆವು. ನಮಗೆ ಬೋಳಾದ ಮಗ್ಗುಲು ಕಾಣುತ್ತಿತ್ತು. "ಕಣ್ಣ ಕಾಣಂಗಿಲ್ಲೇನಲೇ, ಅಗಾ ಅಲ್ಲೇ ಐತಿ!" ಎಂದು ಮೈದುನ ಹಿಕ್ಕೆ ಒರೆಸಿಕೊಳ್ಳುತ್ತ ಕೂಗಿದ. ಇಬ್ಬರೂ ಹೇಳುತ್ತಿದ್ದುದು ನಿಜವೇ. ಕುರಿ ತಿರುಗಿ ನಿಂತ ಮೇಲೆ ಜಗಳ ಮುಗಿಯಿತು.

ಹಿಡಿದು ತಂದರು. ಮಗಳ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಮೇಡಂ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ಆಗ ದೊಡ್ಡ ಹಿರಿಯರು ಕುರಿಯ ಎರಡೂ ಮಗ್ಗುಲನ್ನು ಸಾವಕಾಶ ನೋಡಿ, ಗಂಭೀರವಾಗಿ ಕೇಳಿದರು.

"ತಂಗೀ, ಇದರ ಅರ್ಧಾ ಇಲ್ಲಿ ಮಾಡೀದಿ. ಉಳಿದ ಅರ್ಧಾ ಯಾವ ಕಾಲೇಜಿನ್ಯಾಗ ಮಾಡಾಕಿ?"

ಬೇಲಿಗುಂಟ ನಗು ಹರಡಿತು. ಮೇಡಂ ಹೊರಸಿನ ಮೇಲೆ ಬಿದ್ದು ನಕ್ಕರು. ಮಗಳು ಅಳುತ್ತಲೇ ನಕ್ಕಳು. ಅವಳ ತಾಯಿ ಹೋದ ಮೇಲೆ ನಾನು ದನಿ ತೆಗೆದು ನಕ್ಕದ್ದು ಅಂದೇ ಮೊದಲು. ನನ್ನ ದನಿ ಕೇಳಿ ಮೈದುನ ಹಿಕ್ಕೆ ಒರೆಸಿಕೊಳ್ಳುವುದು ಬಿಟ್ಟು ನನ್ನ ಕಡೆ ತಿರುಗಿದ.

"ಇಲ್ಲೇ ಮಾಡತೀನಿ ಅಜ್ಜಾ," ಎಂದು ಮಗಳು ಕತ್ತರಿ ಎತ್ತಿಕೊಂಡಳು. ಈ ಸಲ ಹಗ್ಗ ಸಡಿಲ ಮಾಡಲಿಲ್ಲ. ಮೇಡಂ ತೃಪ್ತಿಕರ ಎಂದು ಬರೆದು, ಕೆಳಗೆ ಸಹಿ ಹಾಕಿದರು.

ಈಗ ಐದನೆಯ ಸೆಮಿಸ್ಟರ್. ಮಗಳು ಮರಳುವ ಕೊಪ್ಪಳದ ಬಸ್ಸು ದಿನಾ ಸಂಜೆ ಆರಕ್ಕೆ ಕುಷ್ಟಗಿಗೆ ಬರುತ್ತದೆ.